ಎಲ್ಲರ ಕೈಗೂ ಸ್ವಾಬ್ ಹಾಕಿದರೆ ಸೋಂಕಿನ ಮೂಲ ಸಿಗುತ್ತದಾ? ಮೈಸೂರಿನ ಒಂದು ಎನ್‌ಐಸಿಯು ಪ್ರಕರಣ

ಇದು ಮೈಸೂರಿನ ಒಂದು ಖಾಸಗಿ ಆಸ್ಪತ್ರೆಯ ಎನ್‌ಐಸಿಯುನಲ್ಲಿ, ಅಂದರೆ ತಿಂಗಳು ತುಂಬದೆ ಹುಟ್ಟಿದ ಅಥವಾ ಹುಟ್ಟಿದ ಕೂಡಲೇ ಕಾಯಿಲೆ ಬಿದ್ದ ಹಸುಗೂಸುಗಳನ್ನು ಇಡುವ ವಾರ್ಡಿನಲ್ಲಿ ನಡೆದದ್ದು. ಆಸ್ಪತ್ರೆಯ ಹೆಸರು ಹೇಳುವುದಿಲ್ಲ. ಗುರುತು ಸಿಗುವಂಥ ಒಂದೆರಡು ವಿವರಗಳನ್ನೂ ಬದಲಿಸಿದ್ದೇನೆ. ನಾನು ಮೈಕ್ರೋಬಯಾಲಜಿಸ್ಟ್. ಅಲ್ಲಿನ ಇನ್ಫೆಕ್ಷನ್ ಕಂಟ್ರೋಲ್ ಸಿಸ್ಟರ್ ಜೊತೆ ಸೇರಿ ಈ ಹುಡುಕಾಟ ಮಾಡಿದೆ. ನಿಜ ಹೇಳಬೇಕೆಂದರೆ ಅರ್ಧಕ್ಕಿಂತ ಜಾಸ್ತಿ ಕೆಲಸ ಅವರದ್ದೇ.

ಮೊದಲ ಮಗು ಹುಣಸೂರು ಕಡೆಯದು. ತೂಕ ಒಂದೂವರೆ ಕಿಲೋ ಒಳಗೆ. ನಾಲ್ಕು ದಿನ ಚೆನ್ನಾಗಿಯೇ ಇತ್ತು. ಐದನೇ ದಿನ ಹಾಲು ಅರಗಲಿಲ್ಲ, ನಡುನಡುವೆ ಉಸಿರು ನಿಲ್ಲಿಸತೊಡಗಿತು, ಮೈ ತಣ್ಣಗಾಯಿತು, ಪ್ಲೇಟ್‌ಲೆಟ್ ಇಳಿಯಿತು. ರಕ್ತದಲ್ಲಿರುವ ಬ್ಯಾಕ್ಟೀರಿಯಾವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಬ್ಲಡ್ ಕಲ್ಚರ್‌ನಲ್ಲಿ ಕ್ಲೆಬ್ಸಿಯೆಲ್ಲಾ ನ್ಯುಮೋನಿಯೇ ಬೆಳೆಯಿತು. ನಮ್ಮ ಕಡೆಯ ಎನ್‌ಐಸಿಯುಗಳಿಗೆ ಈ ಬ್ಯಾಕ್ಟೀರಿಯಾ ಹೊಸದಲ್ಲ. ಹಾಗಾಗಿ ಯಾರೂ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ, ಔಷಧಿ ಬದಲಿಸಿದರು. ಎರಡನೇ ಮಗುವಿಗೆ ಬಂದಾಗಲೂ ಅಷ್ಟೇ.

ಮೂರನೆಯದು ಬಂದಾಗ ಲ್ಯಾಬ್ ಟೆಕ್ನೀಷಿಯನ್ ಹುಡುಗ ಪ್ಲೇಟ್ ಹಿಡಿದುಕೊಂಡು ಬಂದ. ಮ್ಯಾಕಾಂಕಿ ಅಗಾರ್, ಅಂದರೆ ಬ್ಯಾಕ್ಟೀರಿಯಾ ಬೆಳೆಸುವ ಆಹಾರದ ಪದರ, ಅದರ ಮೇಲೆ ಗುಲಾಬಿ ಬಣ್ಣದ, ಲೋಳೆ ಲೋಳೆಯಾದ ದೊಡ್ಡ ಕಾಲೊನಿಗಳು. ಅದರಲ್ಲಿ ವಿಶೇಷವೇನಿಲ್ಲ, ಕ್ಲೆಬ್ಸಿಯೆಲ್ಲಾ ಇರುವುದೇ ಹಾಗೆ. ಅವನು ತೋರಿಸಲು ಬಂದದ್ದು ಇನ್ನೊಂದು ಪ್ಲೇಟು, ಆಂಟಿಬಯಾಟಿಕ್ ಬಿಲ್ಲೆಗಳನ್ನು ಇಟ್ಟಿದ್ದು. "ಮೇಡಂ, ಇದು ಹೋದ ವಾರದ ಪ್ಲೇಟ್ ಥರಾನೇ ಇದೆ, ನೋಡಿ" ಅಂದ. ನೋಡಿದರೆ ಅಮಿಕಾಸಿನ್ ಕೆಲಸ ಮಾಡಿಲ್ಲ, ಜೆಂಟಾಮೈಸಿನ್ ಮಾಡಿದೆ. ನಾವು ಸಾಮಾನ್ಯವಾಗಿ ನೋಡುವುದು ಇದರ ಉಲ್ಟಾ, ಇಲ್ಲವೇ ಎರಡೂ ಕೆಲಸ ಮಾಡದೆ ಇರುವುದು. ಇಂಥ ಅಪರೂಪದ ಜೋಡಿ ಮೂರು ಮಕ್ಕಳ ರಕ್ತದಲ್ಲಿ ಒಂದೇ ರೀತಿ ಸಿಕ್ಕರೆ ಅದು ಕಾಕತಾಳೀಯ ಅಲ್ಲ. ಮೂವರಿಗೂ ಹುಟ್ಟಿ 72 ಗಂಟೆ ಕಳೆದ ಮೇಲೆ ಶುರುವಾದದ್ದು, ಅಂದರೆ ತಾಯಿಯಿಂದ ಬಂದಿರುವ ಸಾಧ್ಯತೆ ಕಡಿಮೆ, ವಾರ್ಡಿನಲ್ಲೇ ಹತ್ತಿದ್ದು. ನಾವು ಪಟ್ಟಿ ಮಾಡಲು ಕೂರುವ ಹೊತ್ತಿಗೆ ನಾಲ್ಕನೇ ಮಗುವೂ ಕಾಯಿಲೆ ಬಿದ್ದಿತ್ತು.

ಮಾರನೇ ಬೆಳಿಗ್ಗೆ ಮೀಟಿಂಗ್. ಎರಡು ಸಲಹೆ ಬಂದವು. ಒಂದು, ವಾರ್ಡ್ ಮುಚ್ಚಿ ಫ್ಯೂಮಿಗೇಷನ್ ಮಾಡಿಸೋಣ. ಇನ್ನೊಂದು, ಎಲ್ಲರ ಕೈಗೂ ಸ್ವಾಬ್ ಹಾಕಿ, ಅಂದರೆ ಹತ್ತಿ ಕಡ್ಡಿಯಿಂದ ಒರೆಸಿ ಲ್ಯಾಬಿನಲ್ಲಿ ಪರೀಕ್ಷಿಸಿ, ಯಾರ ಕೈಯಲ್ಲಿ ಸಿಗುತ್ತದೋ ಅವರನ್ನು ಹೊರಗೆ ಕಳಿಸೋಣ. ನನಗೆ ಎರಡೂ ಬೇಡವಾಗಿತ್ತು.

ಫ್ಯೂಮಿಗೇಷನ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕ್ಲೆಬ್ಸಿಯೆಲ್ಲಾ ಗಾಳಿಯಲ್ಲಿ ಹಾರಿ ಬಂದು ಮಗುವಿನ ರಕ್ತನಾಳದೊಳಗೆ ಇಳಿಯುವುದಿಲ್ಲ. ಕೋಣೆ ತುಂಬ ಹೊಗೆ ಹಾಕಿದರೆ ಏನೋ ಮಾಡಿದೆವು ಅನ್ನುವ ಸಮಾಧಾನ ಆಡಳಿತದವರಿಗೆ ಸಿಗುತ್ತದೆ, ಬಿಲ್ಲೂ ಆಗುತ್ತದೆ. ಅಷ್ಟೇ.

ಕೈ ಸ್ವಾಬ್ ವಿಷಯ ಮಾತ್ರ ಬಿಡಿಸಿ ಹೇಳಬೇಕು, ಯಾಕೆಂದರೆ ಕೇಳಲು ಅದು ಬಹಳ ಸರಿ ಅನ್ನಿಸುತ್ತದೆ. ಕೈಯಿಂದ ಹರಡುತ್ತದೆ ಅಂತ ಎಲ್ಲರಿಗೂ ಗೊತ್ತು, ಹಾಗಾದರೆ ಕೈಯನ್ನೇ ಪರೀಕ್ಷೆ ಮಾಡಿ, ಅಲ್ವಾ? ತೊಂದರೆ ಏನೆಂದರೆ ನಮ್ಮ ಕೈ ಮೇಲೆ ಎರಡು ಥರದ ಬ್ಯಾಕ್ಟೀರಿಯಾ ಇರುತ್ತವೆ. ಚರ್ಮದಲ್ಲೇ ಮನೆ ಮಾಡಿಕೊಂಡವು ಕೆಲವು, ಅವು ತೊಳೆದರೂ ಪೂರ್ತಿ ಹೋಗುವುದಿಲ್ಲ, ಹೆಚ್ಚಿನ ಪಾಲು ಕೇಡೂ ಮಾಡುವುದಿಲ್ಲ. ಇನ್ನು ಕೆಲವು ಏನನ್ನೋ ಮುಟ್ಟಿದಾಗ ಅಂಟಿಕೊಂಡು, ಇನ್ನೆಲ್ಲೋ ಮುಟ್ಟಿದಾಗ ಇಳಿದುಹೋಗುವಂಥವು. ಕ್ಲೆಬ್ಸಿಯೆಲ್ಲಾ ಈ ಎರಡನೇ ಗುಂಪಿನದು. 1977ರಲ್ಲಿ ಕೇಸ್‌ವೆಲ್ ಮತ್ತು ಫಿಲಿಪ್ಸ್ ಎಂಬ ಇಬ್ಬರು ಇಂಗ್ಲೆಂಡಿನ ಒಂದು ಐಸಿಯುನಲ್ಲಿ ಇದನ್ನೇ ನೋಡಿದ್ದರು. ರೋಗಿಯನ್ನು ಎತ್ತುವುದು, ನಾಡಿ ಹಿಡಿಯುವುದು ಇಂಥ ಕೆಲಸಗಳಲ್ಲೇ ನರ್ಸ್‌ಗಳ ಕೈಗೆ ನೂರರಿಂದ ಸಾವಿರದವರೆಗೆ ಕ್ಲೆಬ್ಸಿಯೆಲ್ಲಾ ಹತ್ತುತ್ತಿತ್ತು, ಕೈ ಮೇಲೆ ಅದು 150 ನಿಮಿಷದವರೆಗೂ ಬದುಕಿರುತ್ತಿತ್ತು. ಅಂದರೆ ಮಕ್ಕಳಿಗೆ ಸೋಂಕು ತಗುಲಿ ಎಷ್ಟೋ ದಿನ ಆದ ಮೇಲೆ ಇವತ್ತು ಬೆಳಿಗ್ಗೆ ಹತ್ತಕ್ಕೆ ಸ್ವಾಬ್ ಹಾಕಿದರೆ ಗೊತ್ತಾಗುವುದು ಆ ಸಿಸ್ಟರ್ ಒಂಬತ್ತೂವರೆಗೆ ಏನು ಮುಟ್ಟಿದ್ದರು ಅನ್ನುವುದು ಮಾತ್ರ. ಸ್ವಾಬ್ ಟೀಮ್ ಬರುತ್ತಿದೆ ಅನ್ನುವ ಸುದ್ದಿ ಲಿಫ್ಟ್‌ಗಿಂತ ಬೇಗ ಮೇಲೆ ಹತ್ತುತ್ತದೆ. ಅಷ್ಟರಲ್ಲಿ ಎಲ್ಲರೂ ಕೈ ತೊಳೆದಿರುತ್ತಾರೆ.

ಇನ್ನೊಂದು ವಿಷಯ. ಮೀಟಿಂಗ್ ಮುಗಿಯುವ ಮೊದಲೇ ವಾರ್ಡಿನಲ್ಲಿ ಅನುಮಾನ ಯಾರ ಮೇಲೆ ಹೋಗಿತ್ತು ಗೊತ್ತಾ? ಆಯಾ ಮೇಲೆ. ಡಾಕ್ಟರ್ ಕೈ, ಎಕ್ಸ್‌ರೇ ತೆಗೆಯಲು ಬರುವವರ ಕೈ, ರಕ್ತ ತೆಗೆಯುವವರ ಕೈ ಯಾರಿಗೂ ನೆನಪಾಗಲಿಲ್ಲ. ಆ ಹೆಂಗಸು ಬಂದು ಎರಡೂ ಕೈ ಮುಂದೆ ಚಾಚಿ, "ಪಾತ್ರೆ ತೊಳೆಯೋ ಸೋಪು ಹಾಕಿ ಉಜ್ಕೊಂಡಿದೀನಿ ಮೇಡಂ, ನನ್ನ ಕೈಲಿ ಏನಿಲ್ಲ" ಅಂದರು. ಬೆರಳ ಗೆಣ್ಣುಗಳ ಮೇಲೆ ಚರ್ಮ ಸುಲಿದು ಕೆಂಪಾಗಿತ್ತು. ಹಾಗೆ ಒಡೆದ ಚರ್ಮದಲ್ಲೇ ಬ್ಯಾಕ್ಟೀರಿಯಾ ಜಾಸ್ತಿ ನಿಲ್ಲುತ್ತವೆ. ಭಯ ಹುಟ್ಟಿಸಿದರೆ ಸಿಗುವ ಫಲ ಇದು. ಅವರನ್ನು ಕೂರಿಸಿ, ಕೈಗೆ ಹಚ್ಚಲು ಕ್ರೀಮ್ ಕೊಟ್ಟು, ಚರ್ಮ ಕೂಡುವ ತನಕ ಮಕ್ಕಳನ್ನು ಮುಟ್ಟುವ ಕೆಲಸ ಬೇಡ ಎಂದೆವು. ಅದಕ್ಕೂ ಸಂಬಳ ಕಡಿಯಬಾರದು ಅಂತ ಸಿಸ್ಟರ್ ಆಡಳಿತದವರ ಹತ್ತಿರ ಬೇರೆಯೇ ಜಗಳ ಆಡಬೇಕಾಯಿತು.

ಸರಿ, ಹಾಗಾದರೆ ನಾವು ಮಾಡಿದ್ದೇನು? ಒಂದು ದೊಡ್ಡ ಚಾರ್ಟ್ ಹಾಳೆ. ಅದರಲ್ಲಿ ನಾಲ್ಕು ಮಕ್ಕಳಿಗೆ ನಾಲ್ಕು ಸಾಲು. ಯಾವ ವಾರ್ಮರ್ (ಮಗುವನ್ನು ಬೆಚ್ಚಗಿಡುವ ಯಂತ್ರ), ಯಾವತ್ತು ಕ್ಯಾನುಲಾ (ರಕ್ತನಾಳಕ್ಕೆ ಹಾಕುವ ಸಣ್ಣ ನಳಿಕೆ) ಹಾಕಿದ್ದು, ಯಾವ ಯಾವ ಇಂಜೆಕ್ಷನ್, ಎಷ್ಟು ಹೊತ್ತಿಗೆ, ಹಾಲು ಯಾರು ಕುಡಿಸಿದ್ದು, ಯಾವ ಪಾಳಿಯಲ್ಲಿ ಯಾರಿದ್ದರು. ಲ್ಯಾಬಿನ ಹಳೆಯ ರಿಜಿಸ್ಟರ್ ತೆಗೆದು ಹಿಂದಿನ ತಿಂಗಳುಗಳಲ್ಲಿ ಇದೇ ಜೋಡಿ ಸಿಕ್ಕಿತ್ತಾ ನೋಡಿದೆವು. ಸಿಕ್ಕಿರಲಿಲ್ಲ.

ಪಾಳಿಯ ಕಾಲಂ ತುಂಬಿದಾಗ ಕೋಣೆ ಸ್ವಲ್ಪ ಹೊತ್ತು ಸುಮ್ಮನಾಯಿತು. ನಾಲ್ಕೂ ಮಕ್ಕಳು ಕಾಯಿಲೆ ಬೀಳುವ ಹಿಂದಿನ ದಿನ ಅದೇ ಒಬ್ಬ ಸೀನಿಯರ್ ಸಿಸ್ಟರ್ ಡ್ಯೂಟಿಯಲ್ಲಿದ್ದರು. ಇಲ್ಲಿಗೆ ನಿಲ್ಲಿಸಿಬಿಡುವವರು ಬಹಳ ಜನ. ಹೆಸರು ಸಿಕ್ಕಿತು, ಮೆಮೋ ಕೊಟ್ಟರಾಯಿತು. ಆದರೆ ಇದೇ ಹಾಳೆಯ ಕೆಳಗೆ ನಾವು ಇನ್ನೊಂದು ಪಟ್ಟಿ ಬರೆದೆವು: ಅದೇ ದಿನಗಳಲ್ಲಿ ಅದೇ ವಾರ್ಡಿನಲ್ಲಿದ್ದು ಏನೂ ಆಗದೆ ಮನೆಗೆ ಹೋದ ಮಕ್ಕಳು. ಆ ಸಿಸ್ಟರ್ ಹೆಸರು ಅವರೆಲ್ಲರ ಸಾಲಿನಲ್ಲೂ ಇತ್ತು! ಸಣ್ಣ ಮಗುವಿಗೆ ಕ್ಯಾನುಲಾ ಹಾಕಲು ಯಾರಿಗೂ ಆಗದಿದ್ದಾಗ ಕರೆಯುವುದು ಅವರನ್ನೇ. ಒಳ್ಳೆ ಕೆಲಸ ಬಲ್ಲವರ ಹೆಸರು ಇಂಥ ಪಟ್ಟಿಗಳಲ್ಲಿ ಯಾವಾಗಲೂ ಜಾಸ್ತಿ ಬರುತ್ತದೆ. ಕಾಯಿಲೆ ಬಿದ್ದವರನ್ನು ಮಾತ್ರ ನೋಡಿದರೆ ಇದು ಕಾಣುವುದೇ ಇಲ್ಲ.

ವಿಯೆನ್ನಾದ ಡಾಕ್ಟರ್ ಸೆಮ್ಮೆಲ್‌ವೈಸ್ ಕಥೆ ಎಲ್ಲರಿಗೂ ಗೊತ್ತು. 1847ರಲ್ಲಿ ಡಾಕ್ಟರುಗಳು ಕ್ಲೋರಿನ್ ದ್ರಾವಣದಲ್ಲಿ ಕೈ ತೊಳೆಯಬೇಕು ಎಂದು ಹಟ ಹಿಡಿದವರು. ಆದರೆ ಅವರು ಕೈಯಲ್ಲಿ ಯಾವ ಕ್ರಿಮಿಯನ್ನೂ ಕಂಡವರಲ್ಲ, ಆಗ ಅದಕ್ಕೆ ದಾರಿಯೂ ಇರಲಿಲ್ಲ. ಒಂದೇ ಆಸ್ಪತ್ರೆಯ ಎರಡು ಹೆರಿಗೆ ವಿಭಾಗಗಳನ್ನು ಅಕ್ಕಪಕ್ಕ ಇಟ್ಟು ನೋಡಿದರು. ಒಂದರಲ್ಲಿ ಡಾಕ್ಟರುಗಳು ಮತ್ತು ವೈದ್ಯ ವಿದ್ಯಾರ್ಥಿಗಳು, ಇನ್ನೊಂದರಲ್ಲಿ ಸೂಲಗಿತ್ತಿಯರು. ಸಾವು ಮೊದಲನೆಯದರಲ್ಲಿ ಬಹಳ ಜಾಸ್ತಿ. ಡಾಕ್ಟರುಗಳು ಶವ ಕೊಯ್ಯುವ ಕೋಣೆಯಿಂದ ನೇರ ಹೆರಿಗೆಗೆ ಬರುತ್ತಿದ್ದರು, ಸೂಲಗಿತ್ತಿಯರು ಅಲ್ಲಿಗೆ ಹೋಗುತ್ತಲೇ ಇರಲಿಲ್ಲ. ಉತ್ತರ ಸಿಕ್ಕಿದ್ದು ಹೋಲಿಕೆಯಿಂದ.

ನಮ್ಮ ಹಾಳೆಯಲ್ಲೂ ಹಾಗೇ. ಮುಟ್ಟಿದ ಕೈಗಳು ಎಲ್ಲ ಮಕ್ಕಳಿಗೂ ಅವೇ. ಹಾಗಾದರೆ ವ್ಯತ್ಯಾಸ ಎಲ್ಲಿ? ಕಾಯಿಲೆ ಬಿದ್ದ ನಾಲ್ಕೂ ಮಕ್ಕಳಿಗೆ ದಿನಕ್ಕೆ ಹಲವು ಸಲ ರಕ್ತನಾಳದ ಮೂಲಕ ಔಷಧಿ ಹೋಗುತ್ತಿತ್ತು, ಅದೂ ಟ್ರಾಲಿಯಲ್ಲಿ ಬೆರೆಸಿ ಕೊಡುವಂಥದ್ದು. ಬರೀ ಹಾಲಿನ ಮೇಲಿದ್ದ ಮಕ್ಕಳಿಗೆ ಏನೂ ಆಗಿರಲಿಲ್ಲ. ತಮ್ಮದೇ ಬಾಟಲಿ, ತಮ್ಮದೇ ಸೆಟ್ ಇದ್ದು ಡ್ರಿಪ್ ಮಾತ್ರ ಹೋಗುತ್ತಿದ್ದ ಮಕ್ಕಳಿಗೂ ಆಗಿರಲಿಲ್ಲ. ಬೆರೆಸಿದ ಔಷಧಿ ಪಡೆದೂ ಹುಷಾರಾಗಿದ್ದ ಮಕ್ಕಳು ಒಂದಿಬ್ಬರಿದ್ದರು, ಆದರೆ ಅವರು ತೂಕದಲ್ಲಿ ದೊಡ್ಡವರು, ಡೋಸೂ ಕಡಿಮೆ. ಯಾರ ಕೈ ಅನ್ನುವ ಪ್ರಶ್ನೆ ಅಲ್ಲಿಗೆ ಬಿಟ್ಟೆವು. ಕೈ ಮಗುವಿನ ಕ್ಯಾನುಲಾ ತಲುಪುವ ಮೊದಲು ಎಲ್ಲೆಲ್ಲಿ ಹೋಗಿ ಬರುತ್ತದೆ ಅಂತ ನೋಡಬೇಕಿತ್ತು.

ಅದಕ್ಕೆ ವಾರ್ಡಿನ ಮೂಲೆಯಲ್ಲಿ ಫೈಲ್ ಇಟ್ಟುಕೊಂಡು ಕೂತೆವು. ಮೊದಲ ಒಂದು ಗಂಟೆ ನೋಡಿದ್ದನ್ನು ಲೆಕ್ಕಕ್ಕೆ ಹಿಡಿಯಬಾರದು, ಯಾಕೆಂದರೆ ಯಾರೋ ನೋಡುತ್ತಿದ್ದಾರೆ ಅಂತ ಗೊತ್ತಾದರೆ ಎಲ್ಲರೂ ಪಾಠದ ಪ್ರಕಾರವೇ ಕೈ ಉಜ್ಜುತ್ತಾರೆ. ಕೆಲಸದ ಒತ್ತಡ ಶುರುವಾಗಿ, ನಾವು ಅಲ್ಲಿದ್ದೇವೆ ಅನ್ನುವುದು ಮರೆತುಹೋದ ಮೇಲೆ ನಿಜ ಕಾಣುತ್ತದೆ.

ಬೆಳಗಿನ ಜಾವ ಆರು ಗಂಟೆಯ ಇಂಜೆಕ್ಷನ್ ಸಮಯ. ರಾತ್ರಿ ಪಾಳಿಗೆ ಇದ್ದದ್ದು ಇಬ್ಬರೇ ಸಿಸ್ಟರ್. ಒಬ್ಬರು ಬಾಗಿಲ ಪಕ್ಕದ ಗೋಡೆಯಲ್ಲಿದ್ದ ಹ್ಯಾಂಡ್ ರಬ್ (ಕೈಗೆ ಉಜ್ಜುವ ಸ್ಯಾನಿಟೈಸರ್) ಒತ್ತಿಕೊಂಡರು. ಬೆರಳ ಸಂದು, ಹೆಬ್ಬೆರಳು, ಉಗುರ ತುದಿ, ಎಲ್ಲ ಉಜ್ಜಿದರು. ಇಪ್ಪತ್ತರಿಂದ ಮೂವತ್ತು ಸೆಕೆಂಡ್ ಉಜ್ಜಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಇವರು ಅಷ್ಟೂ ಹೊತ್ತು ಉಜ್ಜಿದರು. ಪರೀಕ್ಷೆಗೆ ಕೂತಿದ್ದರೆ ಪೂರ್ತಿ ಅಂಕ. ಆಮೇಲೆ ಟ್ರಾಲಿಯನ್ನು ಎಳೆದರು. ಕೆಳಗಿನ ಡ್ರಾಯರ್ ತೆಗೆದು ಸಿರಿಂಜ್ ತೆಗೆದುಕೊಂಡರು. ಅಷ್ಟರಲ್ಲಿ ಪಕ್ಕದ ವಾರ್ಮರ್ ಕೂಗಿತು, ಗುಂಡಿ ಒತ್ತಿ ನಿಲ್ಲಿಸಿದರು. ಜಾರುತ್ತಿದ್ದ ಮಾಸ್ಕ್ ಮೇಲೆ ಎಳೆದುಕೊಂಡರು. ಆಮೇಲೆ ಟ್ರಾಲಿ ಮೇಲಿದ್ದ, ಔಷಧಿ ಬೆರೆಸಲು ಬಳಸುವ ಗ್ಲೂಕೋಸ್ ನೀರಿನ, ಅಂದರೆ ಡೆಕ್ಸ್‌ಟ್ರೋಸ್ ಬಾಟಲಿಗೆ ಕೈ ಹಾಕಿದರು. ಅದರ ರಬ್ಬರ್ ಮುಚ್ಚಳಕ್ಕೆ ಒಂದು ಸೂಜಿ ಚುಚ್ಚಿಯೇ ಇತ್ತು. ಸಿರಿಂಜ್ ತುದಿಯನ್ನು ಆ ಸೂಜಿಯ ಬುಡಕ್ಕೆ ಸಿಕ್ಕಿಸಿ, ಬೇಕಾದಷ್ಟು ಎಳೆದುಕೊಂಡು, ಸಿರಿಂಜ್ ಬಿಡಿಸಿಕೊಂಡರು. ಸೂಜಿ ಅಲ್ಲೇ ಉಳಿಯಿತು, ಬುಡ ತೆರೆದುಕೊಂಡು. ಬಿಡಿಸುವಾಗ ಸೂಜಿ ಕಿತ್ತು ಬರದಿರಲಿ ಎಂದು ಅದರ ಬುಡವನ್ನು ಎರಡು ಬೆರಳಲ್ಲಿ ಹಿಡಿದುಕೊಂಡಿದ್ದರು. ಮುಂದಿನ ಮಗುವಿಗೂ ಅದೇ ಬಾಟಲಿ, ಅದೇ ಸೂಜಿ, ಅವೇ ಎರಡು ಬೆರಳು.

ಸರ್ಕಾರಿ ಆಸ್ಪತ್ರೆ, ಖಾಸಗಿ ಆಸ್ಪತ್ರೆ ಅಂತ ಭೇದವಿಲ್ಲದೆ ಈ ಚುಚ್ಚಿಟ್ಟ ಸೂಜಿಯನ್ನು ನೀವೂ ನೋಡಿರುತ್ತೀರಿ. ಒಂದು ಮಗುವಿಗೆ ಬೇಕಾಗುವುದು ಒಂದೆರಡು ಎಂ.ಎಲ್. ಅಷ್ಟಕ್ಕೆ ಇಡೀ ಬಾಟಲಿ ಚೆಲ್ಲಲು ಮನಸ್ಸು ಬರುವುದಿಲ್ಲ. ಹಾಗಾಗಿ ಬಾಟಲಿ ಸಂಜೆಯಿಂದ ಮರುದಿನ ಸಂಜೆಯವರೆಗೆ ಟ್ರಾಲಿ ಮೇಲೆ ಕೂತಿರುತ್ತದೆ.

ಕ್ಲೆಬ್ಸಿಯೆಲ್ಲಾಗೆ 5% ಡೆಕ್ಸ್‌ಟ್ರೋಸ್ ಅಂದರೆ ಹಬ್ಬದೂಟ. ಅದೂ ಅದರ ಹತ್ತಿರದ ಬಂಧುಗಳಾದ ಎಂಟೆರೋಬ್ಯಾಕ್ಟರ್, ಸೆರಾಶಿಯಾಗಳೂ ಕೋಣೆಯ ತಾಪಮಾನದಲ್ಲೇ ಅದರಲ್ಲಿ ಬೇಗ ಬೆಳೆಯುತ್ತವೆ. ಎನ್‌ಐಸಿಯುವನ್ನು ಮಕ್ಕಳಿಗೋಸ್ಕರ ಬೆಚ್ಚಗೆ ಇಟ್ಟಿರುತ್ತೇವೆ, ಅದು ಬ್ಯಾಕ್ಟೀರಿಯಾಗೂ ಒಳ್ಳೆಯದೇ. ಇನ್ನೂ ಕೆಟ್ಟ ಸಂಗತಿ ಏನೆಂದರೆ, ಒಂದು ಎಂ.ಎಲ್.ನಲ್ಲಿ ಹತ್ತು ಲಕ್ಷ ಬ್ಯಾಕ್ಟೀರಿಯಾ ಇದ್ದರೂ ದ್ರವ ಕಣ್ಣಿಗೆ ತಿಳಿಯಾಗಿಯೇ ಕಾಣಬಹುದು. ಬೆಳಕಿಗೆ ಹಿಡಿದು ನೋಡಿದೆ, ಚೆನ್ನಾಗಿತ್ತು ಅನ್ನುವುದರಲ್ಲಿ ಅರ್ಥವಿಲ್ಲ.

ಈಗ ಎಲ್ಲಿಂದ ಸ್ಯಾಂಪಲ್ ತೆಗೆಯಬೇಕು ಅನ್ನುವುದು ಗೊತ್ತಾಗಿತ್ತು. ಇದನ್ನು ಮೊದಲೇ ಮಾಡದೆ ಈ ಹಂತಕ್ಕೆ ಇಟ್ಟುಕೊಂಡದ್ದಕ್ಕೆ ಕಾರಣ ಇದೆ. ಸುಮ್ನೆ ಕಂಡಕಂಡಲ್ಲಿ ಸ್ವಾಬ್ ಹಾಕಿದರೆ ಏನೋ ಒಂದು ಬೆಳೆದೇ ಬೆಳೆಯುತ್ತದೆ, ಅದರ ಹಿಂದೆ ಓಡಿ ವಾರ ಕಳೆಯುತ್ತದೆ. ನಮಗೂ ಸಿಂಕಿನಲ್ಲಿ ಸ್ಯೂಡೋಮೋನಾಸ್ ಎಂಬ ಬೇರೆ ಬ್ಯಾಕ್ಟೀರಿಯಾ ಸಿಕ್ಕಿತು. ಒದ್ದೆ ಸಿಂಕಿನಲ್ಲಿ ಅದು ಸಿಗದಿದ್ದರೇ ಆಶ್ಚರ್ಯ, ನಮ್ಮ ಪ್ರಕರಣಕ್ಕೂ ಅದಕ್ಕೂ ಸಂಬಂಧವಿಲ್ಲ. ಬಾಟಲಿಯಲ್ಲಿ ಉಳಿದಿದ್ದ ಡೆಕ್ಸ್‌ಟ್ರೋಸ್‌ನಲ್ಲಿ ಮತ್ತು ಆ ಸೂಜಿಯ ಬುಡದಲ್ಲಿ ಕ್ಲೆಬ್ಸಿಯೆಲ್ಲಾ ಬೆಳೆಯಿತು, ಅಮಿಕಾಸಿನ್‌ಗೆ ಬಗ್ಗದ, ಜೆಂಟಾಮೈಸಿನ್‌ಗೆ ಬಗ್ಗುವ ಅದೇ ಜೋಡಿ. ಪಕ್ಕದಲ್ಲೇ ಇದ್ದ, ಹಾಗೇ ಸೂಜಿ ಚುಚ್ಚಿಟ್ಟಿದ್ದ ಸಲೈನ್ ಬಾಟಲಿಯಲ್ಲಿ ಏನೂ ಬೆಳೆಯಲಿಲ್ಲ. ಅದೇ ಬ್ಯಾಚಿನ, ಇನ್ನೂ ತೆರೆಯದ ಡೆಕ್ಸ್‌ಟ್ರೋಸ್ ಬಾಟಲಿಗಳನ್ನೂ ಪರೀಕ್ಷೆ ಮಾಡಿದೆವು. ಅವು ಶುದ್ಧವಾಗಿದ್ದವು. ಅಂದರೆ ಕಂಪನಿಯಿಂದ ಬಂದದ್ದಲ್ಲ, ವಾರ್ಡಿನಲ್ಲೇ ಸೇರಿದ್ದು.

ಬಾಟಲಿಗೆ ಎಲ್ಲಿಂದ ಬಂತು? ಕ್ಲೆಬ್ಸಿಯೆಲ್ಲಾ ಸಾಮಾನ್ಯವಾಗಿ ಇರುವುದು ಕರುಳಿನಲ್ಲಿ. ವಾರ್ಡಿನಲ್ಲಿದ್ದ ಎಲ್ಲ ಮಕ್ಕಳಿಗೂ ಗುದದ್ವಾರದ ಸ್ವಾಬ್ ತೆಗೆದೆವು. ಕಾಯಿಲೆಯೇ ಇಲ್ಲದ ಇಬ್ಬರು ಮಕ್ಕಳಲ್ಲೂ ಅದೇ ಸಿಕ್ಕಿತು. ಅವರಿಗೆ ಅದರಿಂದ ಏನೂ ತೊಂದರೆ ಇರಲಿಲ್ಲ. ಒದ್ದೆಯಾದ ನ್ಯಾಪಿಯನ್ನು ತೂಕ ಮಾಡಿ ಮೂತ್ರದ ಲೆಕ್ಕ ಬರೆಯುವುದು ಈ ವಾರ್ಡಿನ ರೂಢಿ. ತೂಕದ ಯಂತ್ರ ಎಲ್ಲಿತ್ತು ಅಂದರೆ ಇಂಜೆಕ್ಷನ್ ಟ್ರಾಲಿಯ ಪಕ್ಕದ ಕಟ್ಟೆ ಮೇಲೆ, ಜಾಗ ಇಲ್ಲವೆಂದು. ಅದರ ಗುಂಡಿಯ ಮೇಲೂ ಅದೇ ಕ್ಲೆಬ್ಸಿಯೆಲ್ಲಾ. ನ್ಯಾಪಿಯಿಂದ ಕೈ, ಕೈಯಿಂದ ತೂಕದ ಯಂತ್ರ, ಅಲ್ಲಿಂದ ಮತ್ತೊಂದು ಕೈ, ಡ್ರಾಯರ್ ಹಿಡಿ, ಸೂಜಿಯ ಬುಡ, ಬಾಟಲಿ, ಕ್ಯಾನುಲಾ. ಈ ದಾರಿಯಲ್ಲಿ ಮೂರೋ ನಾಲ್ಕೋ ಬೇರೆ ಬೇರೆ ಜನರ ಕೈಗಳಿವೆ, ಪ್ರತಿಯೊಬ್ಬರೂ ಅವತ್ತು ಕೈ ಉಜ್ಜಿದವರೇ.

ಇಲ್ಲಿ ಒಂದು ಮಾತು ಸೇರಿಸಬೇಕು. ಕೈಯೇ ಮೂಲವಾಗಿರುವ ಪ್ರಕರಣಗಳೂ ಇವೆ. ಅಮೆರಿಕದ ಓಕ್ಲಹೋಮಾ ಸಿಟಿಯ ಒಂದು ಎನ್‌ಐಸಿಯುನಲ್ಲಿ 1997-98ರಲ್ಲಿ ಸ್ಯೂಡೋಮೋನಾಸ್ ಹರಡಿ 16 ಮಕ್ಕಳು ತೀರಿಕೊಂಡರು. ತನಿಖೆಯಲ್ಲಿ ಇಬ್ಬರು ನರ್ಸ್‌ಗಳ ಜೊತೆ ಸಂಬಂಧ ಕಂಡುಬಂತು. ಒಬ್ಬರು ಉದ್ದ ಉಗುರು ಬಿಟ್ಟಿದ್ದರು, ಇನ್ನೊಬ್ಬರು ಕೃತಕ ಉಗುರು ಅಂಟಿಸಿಕೊಂಡಿದ್ದರು. ಉಗುರಿನ ಕೆಳಗೆ, ಉಂಗುರದ ಅಡಿಯಲ್ಲಿ, ವಾಸಿಯಾಗದ ಗಾಯದಲ್ಲಿ ಬ್ಯಾಕ್ಟೀರಿಯಾ ತಿಂಗಳುಗಟ್ಟಲೆ ಠಿಕಾಣಿ ಹೂಡಬಹುದು. ನಮ್ಮಲ್ಲಾದರೆ ಬಳೆ, ದೇವಸ್ಥಾನದಲ್ಲಿ ಕಟ್ಟಿಸಿಕೊಂಡ ದಾರ. ಒದ್ದೆಯಾದ ದಾರ ಪಾಳಿ ಮುಗಿಯುವ ತನಕ ಒದ್ದೆಯಾಗಿಯೇ ಇರುತ್ತದೆ. ಹುಷಾರಾಗಿದ್ದ ಮಕ್ಕಳನ್ನು ಹೋಲಿಸಿದ ಮೇಲೂ ಒಬ್ಬರ ಹೆಸರೇ ಎದ್ದು ನಿಂತರೆ ಆಗ ಆ ಕೈಯನ್ನು ಪರೀಕ್ಷೆ ಮಾಡಲೇಬೇಕು. ನಮ್ಮ ಹಾಳೆಯಲ್ಲಿ ಹಾಗೆ ಯಾರ ಹೆಸರೂ ನಿಲ್ಲಲಿಲ್ಲ.

ಬಾಟಲಿಯ ವರದಿ ಬಂದ ಸಂಜೆಯೇ ಚುಚ್ಚಿಟ್ಟ ಸೂಜಿಗಳನ್ನೆಲ್ಲ ತೆಗೆಸಿದೆವು. ಸಲೈನ್ ಅಥವಾ ಸ್ಟೆರೈಲ್ ವಾಟರ್‌ನಲ್ಲಿ ಬೆರೆಸಬಹುದಾದ ಔಷಧಿಗೆಲ್ಲ ಸಣ್ಣ ಆಂಪೂಲ್, ಒಡೆದು ಬಳಸಿ ಉಳಿದದ್ದು ಚೆಲ್ಲುವುದು. ಡೆಕ್ಸ್‌ಟ್ರೋಸ್ ಬೇಕೇ ಬೇಕು ಅನ್ನುವ ಔಷಧಿಗೆ 100 ಎಂ.ಎಲ್. ಬಾಟಲಿ, ಒಂದು ಮಗುವಿಗೆ ಒಂದು, ಒಂದು ಸಲಕ್ಕೆ ಮಾತ್ರ. ಹ್ಯಾಂಡ್ ರಬ್ ಬಾಟಲಿಯನ್ನು ಬಾಗಿಲಿನಿಂದ ಟ್ರಾಲಿಗೇ ತಂದು ಕಟ್ಟಿದೆವು. ವಿಶ್ವ ಆರೋಗ್ಯ ಸಂಸ್ಥೆ 2009ರ ಮಾರ್ಗಸೂಚಿಯಲ್ಲಿ ಕೈ ಶುಚಿ ಮಾಡಿಕೊಳ್ಳಲು ಹೇಳಿದ ಐದು ಸಂದರ್ಭಗಳಲ್ಲಿ ಎರಡನೆಯದು ಇದೇ: ರಕ್ತನಾಳಕ್ಕೆ ಸಂಬಂಧಪಟ್ಟ ಕೆಲಸಕ್ಕೆ ಕೈ ಹಾಕುವ ಮುಂಚಿನ ಕ್ಷಣ. ಬಾಗಿಲಲ್ಲಿ ಉಜ್ಜಿ ಬಂದದ್ದು ಆ ಲೆಕ್ಕಕ್ಕೆ ಬರುವುದಿಲ್ಲ. ಸ್ವಾಬ್‌ನಲ್ಲಿ ಪಾಸಿಟಿವ್ ಬಂದ ಮಕ್ಕಳನ್ನು ಒಂದು ಬದಿಗೆ ಸೇರಿಸಿ, ಪ್ರತಿ ಪಾಳಿಗೂ ಅವರಿಗೇ ಅಂತ ಒಬ್ಬ ಸಿಸ್ಟರ್ ಇಟ್ಟೆವು. ಹೊಸ ಮಕ್ಕಳನ್ನು ಸೇರಿಸಿಕೊಳ್ಳುವುದನ್ನು ಕೆಲವು ದಿನ ಕಡಿಮೆ ಮಾಡಿದರು, ಪೂರ್ತಿ ನಿಲ್ಲಿಸಲಿಲ್ಲ.

ನಾಲ್ಕು ಮಕ್ಕಳಲ್ಲಿ ಮೂವರು ಹುಷಾರಾಗಿ ಮನೆಗೆ ಹೋದರು. ಎರಡನೇ ಮಗು, ಎಲ್ಲರಿಗಿಂತ ಸಣ್ಣದು, ಉಳಿಯಲಿಲ್ಲ. ತನಿಖೆ ಮುಗಿದ ಮೇಲೆ ಆ ಮಗುವಿನ ಅಪ್ಪನನ್ನು ಕರೆಸಿ ವಿಷಯ ಹೇಳಬೇಕು ಅಂತ ನಾನು ಮತ್ತು ಮಕ್ಕಳ ಡಾಕ್ಟರ್ ಪಟ್ಟು ಹಿಡಿದೆವು. ಆಡಳಿತದವರು ವಕೀಲರನ್ನು ಕೇಳಿ ಒಪ್ಪಿದರು. ಟಿ. ನರಸೀಪುರದ ಹತ್ತಿರದ ರೈತ. ಪೂರ್ತಿ ಕೇಳಿಸಿಕೊಂಡು, "ಹಂಗಾರೆ ಯಾರ್ ಕೈಯಿಂದ ಬಂತು ಅಂತೀರಿ?" ಅಂತ ಕೇಳಿದರು. ಒಬ್ಬರ ಕೈಯಿಂದಲ್ಲ, ಎಲ್ಲರೂ ಬಳಸುತ್ತಿದ್ದ ಬಾಟಲಿಯಿಂದ ಅಂದೆವು. "ಬಾಟ್ಲಿ ತರೋರು ಯಾರು?" ಅಂದರು. ಇಡೀ ತನಿಖೆಯಲ್ಲಿ ಕೇಳಿದ ಅತ್ಯಂತ ಸರಿಯಾದ ಪ್ರಶ್ನೆ ಅದೇ ಅಂತ ನನಗೆ ಈಗಲೂ ಅನ್ನಿಸುತ್ತದೆ. ಪರ್ಚೇಸ್ ವಿಭಾಗದವರು ದೊಡ್ಡ ಬಾಟಲಿ ಅಗ್ಗ ಎಂದು ಸಣ್ಣವನ್ನು ತರಿಸುವುದನ್ನೇ ನಿಲ್ಲಿಸಿದ್ದರು. ಸಿಸ್ಟರುಗಳು ಸಣ್ಣ ಬಾಟಲಿ ಬೇಕೆಂದು ಇಂಡೆಂಟ್ ಬರೆದದ್ದು ರಿಜಿಸ್ಟರಿನಲ್ಲೇ ಇತ್ತು, ಪಕ್ಕದಲ್ಲಿ "ಸ್ಟಾಕ್ ಇಲ್ಲ" ಅಂತ ಸೀಲು.

ನಮ್ಮ ತನಿಖೆಗೂ ಮಿತಿ ಇದೆ. ಔಷಧಿಗೆ ಬಗ್ಗುವ ರೀತಿ ಒಂದೇ ಇದೆ ಅಂದಮಾತ್ರಕ್ಕೆ ಎಲ್ಲವೂ ಒಂದೇ ತಳಿ ಅಂತ ಪೂರ್ತಿ ಸಾಬೀತಾಗುವುದಿಲ್ಲ, ಅದಕ್ಕೆ ಜೀನೋಮ್ ಸೀಕ್ವೆನ್ಸಿಂಗ್, ಅಂದರೆ ಬ್ಯಾಕ್ಟೀರಿಯಾದ ಪೂರ್ತಿ ಡಿಎನ್‌ಎ ಓದುವ ಪರೀಕ್ಷೆ, ಬೇಕು. ಅದಕ್ಕೆ ದುಡ್ಡು ಮಂಜೂರಾಗಲಿಲ್ಲ, ತಳಿಗಳನ್ನು ಡೀಪ್ ಫ್ರೀಜರಿನಲ್ಲಿ ಇಟ್ಟಿದ್ದೇವೆ. ಮೊದಲು ಮಗುವಿನ ಕರುಳಿಗೆ ಬಂತಾ, ಬಾಟಲಿಗೆ ಬಂತಾ ಅನ್ನುವುದನ್ನೂ ನಮ್ಮ ಹಾಳೆ ಹೇಳಲಾರದು. ಸೂಜಿ ತೆಗೆಸಿದ ಮೇಲೆ ಆ ಜೋಡಿಯ ಕ್ಲೆಬ್ಸಿಯೆಲ್ಲಾ ಯಾವ ಮಗುವಿನ ರಕ್ತದಲ್ಲೂ ಸಿಗಲಿಲ್ಲ ಅನ್ನುವುದಂತೂ ನಿಜ. ವಾರಕ್ಕೊಮ್ಮೆ ತೆಗೆಯುವ ಸ್ವಾಬ್‌ನಲ್ಲಿ ಮಾತ್ರ ಒಂದು ಹೊಸ ಮಗುವಿನಲ್ಲಿ ಮತ್ತೆ ಕಾಣಿಸಿತು. ಅಂದರೆ ಕ್ಯಾನುಲಾದ ದಾರಿ ಮುಚ್ಚಿದೆ, ನ್ಯಾಪಿಯ ದಾರಿ ಇನ್ನೂ ತೆರೆದೇ ಇದೆ. ತೂಕದ ಯಂತ್ರಕ್ಕೆ ಬೇರೆ ಕಟ್ಟೆ ಕಟ್ಟಿಸಿಕೊಡಿ ಅಂತ ಬರೆದುಕೊಟ್ಟಿದ್ದೇವೆ. ಸದ್ಯಕ್ಕೆ ಅದನ್ನು ಸಿಂಕಿನ ಆಚೆ ಒಂದು ಸ್ಟೂಲಿನ ಮೇಲೆ ಇಟ್ಟಿದ್ದಾರೆ, ಪಕ್ಕದಲ್ಲೊಂದು ಹ್ಯಾಂಡ್ ರಬ್ ಬಾಟಲಿ.